ಆಪನ್‌ಹೈಮರ್ ಮ್ಯಾನೇಜರ್ ಆದ ಕಥೆ

ಸಿನಿಮಾನ ನಮ್ಮಲ್ಲಿ ಬಹಳ ಜನ ನೋಡಿದೀವಿ. ಟೋಪಿ, ಸಿಗರೇಟು, ಸ್ಫೋಟ ಎಲ್ಲಾ ನೆನಪಿದೆ. ಆದರೆ ಈ ಸೆಮಿಸ್ಟರ್ ನನ್ನನ್ನ ನಾಲ್ಕು ಜನರ ಒಂದು ಪ್ರಾಜೆಕ್ಟಿಗೆ ಟೀಮ್ ಲೀಡ್ ಮಾಡಿದರು. ಯಾರಿಗೂ ಕೆಲಸ ಹಂಚಕ್ಕೆ ಬರದೆ, ಎಲ್ಲಾ ಕೋಡ್ ನಾನೇ ಬರೀತಾ ರಾತ್ರಿ ಎರಡು ಗಂಟೆಗೆ ಕೂತಿದ್ದಾಗ ಬೇರೆ ಪ್ರಶ್ನೆ ಬಂತು. ಅದುವರೆಗೆ ಒಂದು ಡಿಪಾರ್ಟ್‌ಮೆಂಟನ್ನೂ ನಡೆಸದ ಈ ಮನುಷ್ಯ ಸಾವಿರಾರು ಜನರನ್ನ ಹೇಗೆ ನಡೆಸಿದರು?

ರಾಬರ್ಟ್ ಆಪನ್‌ಹೈಮರ್ 1904ರಲ್ಲಿ ನ್ಯೂಯಾರ್ಕ್‌ನ ಶ್ರೀಮಂತ ಮನೆಯಲ್ಲಿ ಹುಟ್ಟಿದವರು. ಹಾರ್ವರ್ಡ್ ಮುಗಿಸಿ ಕೇಂಬ್ರಿಡ್ಜ್‌ಗೆ ಹೋದರು, ಅಲ್ಲಿ ಲ್ಯಾಬ್ ಕೆಲಸ ಕೈಹತ್ತಲಿಲ್ಲ. (ಇದನ್ನ ಓದಿ ನನಗೆ ಸ್ವಲ್ಪ ಸಮಾಧಾನ ಆಯ್ತು.) ಆಮೇಲೆ ಥಿಯರಿ ಕಡೆ ತಿರುಗಿ, ಗಾಟಿಂಗೆನ್‌ನಲ್ಲಿ ಮ್ಯಾಕ್ಸ್ ಬಾರ್ನ್ ಹತ್ತಿರ 1927ರಲ್ಲಿ ಪಿಎಚ್‌ಡಿ ಪಡೆದರು. ಬುದ್ಧಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಸೆಮಿನಾರ್‌ನಲ್ಲಿ ಯಾರು ಮಾತಾಡ್ತಿದ್ದರೂ ಮಧ್ಯೆ ಬಾಯಿ ಹಾಕಿ ತಿದ್ದೋದು ಅವರ ಅಭ್ಯಾಸ. ಬೇಸತ್ತ ಸಹಪಾಠಿಗಳು, ಇವರನ್ನ ಸುಮ್ಮನಾಗಿಸದಿದ್ದರೆ ಕ್ಲಾಸಿಗೇ ಬರಲ್ಲ ಅಂತ ಬಾರ್ನ್‌ಗೆ ಬರೆದು ಕೊಟ್ಟರು. ಬಾರ್ನ್‌ಗೂ ನೇರವಾಗಿ ಹೇಳೋ ಧೈರ್ಯ ಇರಲಿಲ್ಲ. ಆ ಕಾಗದವನ್ನ ಕಣ್ಣಿಗೆ ಬೀಳೋ ಹಾಗೆ ಮೇಜಿನ ಮೇಲೆ ಬಿಟ್ಟು ಹೊರಗೆ ಹೋದರು. ಅದನ್ನ ನೋಡಿದ ಮೇಲೆ ಅಡ್ಡಮಾತು ನಿಂತಿತು.

1942ರ ಅಕ್ಟೋಬರ್‌ನಲ್ಲಿ ಜನರಲ್ ಗ್ರೋವ್ಸ್ ಬಾಂಬ್ ಲ್ಯಾಬಿನ ಡೈರೆಕ್ಟರ್ ಕೆಲಸಕ್ಕೆ ಇವರನ್ನ ಆರಿಸಿದಾಗ ಹಲವರು ಹುಬ್ಬೇರಿಸಿದರು. ನೊಬೆಲ್ ಇಲ್ಲ, ಆಡಳಿತದ ಅನುಭವ ಇಲ್ಲ, ಎಡಪಂಥೀಯ ಗೆಳೆಯರು ಬೇರೆ. ಶುರುವಿನಲ್ಲಿ ಅವರಿಗೂ ಕೆಲಸದ ಗಾತ್ರ ಗೊತ್ತಿರಲಿಲ್ಲ. ಕೆಲವು ಡಜನ್ ವಿಜ್ಞಾನಿಗಳು ಸಾಕು ಅಂದುಕೊಂಡಿದ್ದರು. ಯಾರು ಯಾರಿಗೆ ರಿಪೋರ್ಟ್ ಮಾಡ್ಬೇಕು ಅನ್ನೋ ಚಾರ್ಟ್ ಮಾಡಿ ಅಂತ ಜಾನ್ ಮ್ಯಾನ್ಲಿ ಅನ್ನೋ ಸಹೋದ್ಯೋಗಿ ತಿಂಗಳುಗಟ್ಟಲೆ ಬೆನ್ನು ಹತ್ತಿದರು. ಕೊನೆಗೊಂದು ದಿನ ಸಿಟ್ಟಿನಲ್ಲಿ ಆ ಕಾಗದವನ್ನ ಮ್ಯಾನ್ಲಿ ಕಡೆ ಎಸೆದರಂತೆ. ಮಿಲಿಟರಿ ಸಮವಸ್ತ್ರ ಹಾಕಿಕೊಳ್ಳೋಕೂ ಒಪ್ಪಿಬಿಟ್ಟಿದ್ದರು. ರಾಬಿ, ಬಾಕರ್ ಅಂಥ ಹಿರಿಯರು, ಲ್ಯಾಬ್ ಮಿಲಿಟರಿ ಕೈಗೆ ಹೋದರೆ ನಾವು ಬರಲ್ಲ ಅಂದ ಮೇಲೆ ಆ ಯೋಚನೆ ಬಿಟ್ಟರು. ನನಗೆ ಇಲ್ಲೇ ಮೊದಲ ಬದಲಾವಣೆ ಕಾಣೋದು. ಬೇರೆಯವರನ್ನ ತಿದ್ದುತ್ತಿದ್ದವರು ತಾವೇ ತಿದ್ದಿಸಿಕೊಂಡರು.

1943ರ ವಸಂತದಲ್ಲಿ ನ್ಯೂ ಮೆಕ್ಸಿಕೋದ ಲಾಸ್ ಅಲಮೋಸ್ ಬೆಟ್ಟದ ಮೇಲೆ ಲ್ಯಾಬ್ ಶುರುವಾಯ್ತು. ಪ್ರತಿ ಗುಂಪಿಗೂ ತನ್ನ ಕೆಲಸ ಮಾತ್ರ ಗೊತ್ತಿರಬೇಕು ಅನ್ನೋದು ಗ್ರೋವ್ಸ್ ನಿಯಮ. ಆಪನ್‌ಹೈಮರ್ ಅದನ್ನ ಒಪ್ಪಲಿಲ್ಲ. ವಾರಕ್ಕೊಮ್ಮೆ ವಿಜ್ಞಾನಿಗಳೆಲ್ಲ ಒಟ್ಟಿಗೆ ಕೂತು ಚರ್ಚಿಸೋ ಸಭೆ ಶುರು ಮಾಡಿದರು. ಮೀಟಿಂಗ್‌ಗಳಲ್ಲಿ ಅವರು ಹೆಚ್ಚಾಗಿ ಕೇಳಿಸಿಕೊಳ್ಳೋರು, ಕೊನೆಯಲ್ಲಿ ಎಲ್ಲರ ಮಾತಿನ ತಿರುಳನ್ನ ಹಿಡಿದು ಹೇಳೋರು. ಗಾಟಿಂಗೆನ್‌ನ ಆ ಹುಡುಗನೇ ಇವರು!

ಆದರೂ ಸುಲಭ ಇರಲಿಲ್ಲ. ಇದು ನನ್ನ ಕೈಲಾಗಲ್ಲ ಅಂತ ಒಮ್ಮೆ ಬಾಕರ್ ಹತ್ತಿರ ಹೇಳಿಕೊಂಡಿದ್ದರು. ಥಿಯರಿ ವಿಭಾಗಕ್ಕೆ ಹ್ಯಾನ್ಸ್ ಬೇಥೆಯನ್ನ ಮುಖ್ಯಸ್ಥ ಮಾಡಿದಾಗ ಎಡ್ವರ್ಡ್ ಟೆಲ್ಲರ್‌ಗೆ ಮುನಿಸು, ಕೊಟ್ಟ ಲೆಕ್ಕ ಮಾಡಲ್ಲ ಅಂದರು. ಅವರನ್ನ ಕಳಿಸಿಬಿಡಲಿಲ್ಲ, ಅವರಿಗಿಷ್ಟದ ಹೈಡ್ರೋಜನ್ ಬಾಂಬ್ ಮೇಲೆ ಕೆಲಸ ಮಾಡಕ್ಕೆ ಬಿಟ್ಟು, ವಾರಕ್ಕೊಂದು ಗಂಟೆ ಅವರಿಗೇ ಅಂತ ಎತ್ತಿಟ್ಟರು.

ಸೇಥ್ ನೆಡರ್‌ಮೇಯರ್ ವಿಷಯ ಬೇರೆ. ಪ್ಲುಟೋನಿಯಂನ ಸುತ್ತಲೂ ಸ್ಫೋಟಕ ಇಟ್ಟು ಒಳಕ್ಕೆ ಅದುಮೋ ಇಂಪ್ಲೋಷನ್ ಐಡಿಯಾವನ್ನ ಮೊದಲಿಂದ ಹಿಡಿದು ಕೂತವರು ಅವರು. ಆದರೆ ಒಬ್ಬಂಟಿಯಾಗಿ, ನಿಧಾನವಾಗಿ ಕೆಲಸ ಮಾಡೋ ಸ್ವಭಾವ. 1944ರಲ್ಲಿ ಸೆಗ್ರೆ ಗುಂಪಿನ ಅಳತೆಗಳಿಂದ ಒಂದು ಸತ್ಯ ಗೊತ್ತಾಯ್ತು. ರಿಯಾಕ್ಟರ್‌ನಿಂದ ಬಂದ ಪ್ಲುಟೋನಿಯಂ ತಾನಾಗಿಯೇ ಒಡೀತಿತ್ತು, ಹಾಗಾಗಿ ಅದನ್ನ ಗನ್ ಥರದ ಬಾಂಬಿನಲ್ಲಿ ಬಳಸಕ್ಕೆ ಆಗಲ್ಲ. ಅದಕ್ಕೆ ಉಳಿದದ್ದು ಇಂಪ್ಲೋಷನ್ ಮಾತ್ರ. ಕೆಲವೇ ವಾರಗಳಲ್ಲಿ ಇಡೀ ಲ್ಯಾಬನ್ನ ಕೆಡವಿ ಹೊಸದಾಗಿ ಕಟ್ಟಿದರು. ನೆಡರ್‌ಮೇಯರ್ ಜಾಗಕ್ಕೆ ಸ್ಫೋಟಕಗಳ ತಜ್ಞ ಕಿಸ್ಟಿಯಾಕೌಸ್ಕಿ ಬಂದರು. ಕೆಲಸ ಓಡಿತು. ನೆಡರ್‌ಮೇಯರ್‌ಗೆ ಆ ನೋವು ಕೊನೆವರೆಗೂ ಹೋಗಲಿಲ್ಲ. ಟೆಲ್ಲರ್‌ಗೆ ಕೊಟ್ಟ ತಾಳ್ಮೆಯಲ್ಲಿ ಅರ್ಧ ಇವರಿಗೆ ಸಿಗಬೇಕಿತ್ತು ಅಂತ ನನಗನ್ನಿಸುತ್ತೆ. ಆದರೆ ಟೆಲ್ಲರ್ ಇಲ್ಲದೆಯೂ ಕೆಲಸ ನಡೀತಿತ್ತು, ಇವರ ವಿಭಾಗ ನಿಂತರೆ ಎಲ್ಲಾ ನಿಲ್ತಿತ್ತು.

ಇನ್ನೊಂದು ಘಟನೆ ನನ್ನನ್ನ ಹೆಚ್ಚು ಕಾಡಿದ್ದು. ಯುದ್ಧದ ಕೊನೆಕೊನೆಗೆ ರಾಬರ್ಟ್ ವಿಲ್ಸನ್ ಅನ್ನೋ ಯುವ ವಿಜ್ಞಾನಿ, ಈ ಬಾಂಬ್ ನಿಜಕ್ಕೂ ಬೇಕಾ ಅಂತ ಚರ್ಚಿಸಕ್ಕೆ ಸಭೆ ಕರೆದರು. ಬೇಡ ಅಂತ ಆಪನ್‌ಹೈಮರ್ ಮೊದಲು ಹೇಳಿ ನೋಡಿದರು, ಕೊನೆಗೆ ತಾವೇ ಬಂದು ಕೂತರು. ಕೇಳಿಸಿಕೊಂಡರು, ಮಾತಾಡಿದರು, ಜನ ವಾಪಸ್ ಕೆಲಸಕ್ಕೆ ಹೋದರು. ಟೀಮನ್ನ ಒಟ್ಟಿಗೆ ಹಿಡಿದಿಟ್ಟ ಅದೇ ಕಲೆ ಇಲ್ಲಿ ಸಂದೇಹವನ್ನೂ ಸುಮ್ಮನಾಗಿಸಿತು.

1945ರ ಜುಲೈ 16ರಂದು ಟ್ರಿನಿಟಿ ಪರೀಕ್ಷೆ ಗೆದ್ದಿತು. ಆ ಹೊತ್ತಿಗೆ ಸುಮಾರು ಆರಡಿ ಎತ್ತರದ ಮನುಷ್ಯ 50 ಕೆಜಿ ಚಿಲ್ಲರೆಗೆ ಇಳಿದಿದ್ದರು. ಆಗಸ್ಟ್ 6ರಂದು ಹಿರೋಶಿಮಾ ಮೇಲೆ ಬಿದ್ದದ್ದು ಯುರೇನಿಯಂನ ಗನ್ ಬಾಂಬ್. 9ರಂದು ನಾಗಾಸಾಕಿ ಮೇಲೆ ಬಿದ್ದದ್ದು, ಲ್ಯಾಬನ್ನ ತಲೆಕೆಳಗು ಮಾಡಿ ತಯಾರಿಸಿದ ಆ ಇಂಪ್ಲೋಷನ್ ಬಾಂಬ್. ಅಕ್ಟೋಬರ್‌ನಲ್ಲಿ ಅವರು ಡೈರೆಕ್ಟರ್ ಹುದ್ದೆ ಬಿಟ್ಟರು.

1954ರಲ್ಲಿ ಸರ್ಕಾರ ಅವರ ನಿಷ್ಠೆಯನ್ನೇ ಪ್ರಶ್ನಿಸಿ ವಿಚಾರಣೆ ನಡೆಸಿ, ಸೆಕ್ಯುರಿಟಿ ಕ್ಲಿಯರೆನ್ಸ್ ಕಿತ್ತುಕೊಂಡಿತು. ಅಲ್ಲಿ ಅವರ ವಿರುದ್ಧ ಸಾಕ್ಷಿ ಹೇಳಿದವರಲ್ಲಿ ಟೆಲ್ಲರ್ ಒಬ್ಬರು. 1963ರಲ್ಲಿ ಅದೇ ಸರ್ಕಾರ ಫರ್ಮಿ ಪ್ರಶಸ್ತಿ ಕೊಟ್ಟಾಗ ಟೆಲ್ಲರ್ ಕೈ ಚಾಚಿದರು, ಆಪನ್‌ಹೈಮರ್ ನಕ್ಕು ಕೈ ಕುಲುಕಿದರು. ಪಕ್ಕದಲ್ಲಿ ನಿಂತಿದ್ದ ಹೆಂಡತಿ ಕಿಟ್ಟಿ ಮುಖದಲ್ಲಿ ನಗು ಇರಲಿಲ್ಲ. 1967ರ ಫೆಬ್ರವರಿಯಲ್ಲಿ ಗಂಟಲು ಕ್ಯಾನ್ಸರ್‌ನಿಂದ ಪ್ರಿನ್ಸ್‌ಟನ್‌ನಲ್ಲಿ ತೀರಿಕೊಂಡರು.