ಗೊಟಗೋಡಿಯಲ್ಲಿ ಅಜ್ಜನ ಜೊತೆ ಒಂದು ದಿನ

ಮಕ್ಕಳೇ,

ಇಂಗ್ಲೆಂಡಿನಲ್ಲಿ ಬೆಳೆಯುತ್ತಿರುವ ನಿಮ್ಮಲ್ಲಿ ಹಲವರು ಬೋರ್ಟನ್-ಆನ್-ದ-ವಾಟರ್ ಹಳ್ಳಿಯನ್ನು ನೋಡಿದ್ದೀರಿ. ವಿಂಡ್‌ರಷ್ ಹೊಳೆ, ಅದರ ಮೇಲೆ ಗಿಡ್ಡ ಕಲ್ಲಿನ ಸೇತುವೆಗಳು, ದಂಡೆಯಲ್ಲಿ ಹಳೆಯ ಮೋಟಾರು ಗಾಡಿಗಳ ಮ್ಯೂಸಿಯಂ. ಅದೇ ಹಳ್ಳಿಯನ್ನು ಒಂಬತ್ತನೇ ಒಂದು ಅಳತೆಗೆ ಇಳಿಸಿ ಕಟ್ಟಿದ ಪುಟ್ಟ ಊರೂ ಅಲ್ಲಿದೆ. 1937ರಿಂದಲೂ ಜನ ಅದನ್ನು ನೋಡಲು ಬರುತ್ತಿದ್ದಾರೆ.

ನಮ್ಮ ಹಾವೇರಿ ಜಿಲ್ಲೆಯಲ್ಲೂ ನೋಡುವುದಕ್ಕೆಂದೇ ಕಟ್ಟಿದ ಒಂದು ಹಳ್ಳಿ ಇದೆ. ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆ ಹೊರಟರೆ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯ ಹತ್ತಿರ, ಹೆದ್ದಾರಿಯ ಪಕ್ಕದಲ್ಲೇ ಸಿಗುತ್ತದೆ. ಅದು ಶಿಲ್ಪಗಳ ಹಳ್ಳಿ, ಹೆಸರು ಉತ್ಸವ ರಾಕ್ ಗಾರ್ಡನ್. ಇಲ್ಲಿ ಯಾವುದನ್ನೂ ಚಿಕ್ಕದು ಮಾಡಿಲ್ಲ. ಮನುಷ್ಯರು ಮನುಷ್ಯರಷ್ಟೇ ಎತ್ತರ, ಎತ್ತು ಎತ್ತಿನಷ್ಟೇ ದಪ್ಪ. ದೂರದಿಂದ ನೋಡಿದವರು ನಿಜವಾದ ದನವೆಂದೇ ತಿಳಿಯುತ್ತಾರೆ.

ಇದನ್ನು ರೂಪಿಸಿದವರು ಕಲಾವಿದ ಟಿ.ಬಿ. ಸೊಲಬಕ್ಕನವರ. ಅವರು ಶಿಲ್ಪಿ, ಚಿತ್ರಕಾರ, ಜೊತೆಗೆ ಬಯಲಾಟದ ದೊಡ್ಡ ಕಲಾವಿದ. ರಾತ್ರಿಯಿಡೀ ಊರ ಬಯಲಲ್ಲಿ ನಡೆಯುವ ದೊಡ್ಡಾಟವೆಂಬ ಬಯಲಾಟವನ್ನು ಉಳಿಸಲು ದುಡಿದರು. ಕರ್ನಾಟಕ ಬಯಲಾಟ ಅಕಾಡೆಮಿಯ ಅಧ್ಯಕ್ಷರೂ ಆಗಿದ್ದರು. 2020ರಲ್ಲಿ ತೀರಿಕೊಂಡರು. ಆಟದ ಪಾತ್ರ ಹೇಗೆ ನಿಲ್ಲುತ್ತದೆ, ಕೈ ಹೇಗೆ ಎತ್ತುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಅದಕ್ಕೇ ಅವರ ಶಿಲ್ಪಗಳು ಸುಮ್ಮನೆ ನಿಂತಂತೆ ಕಾಣುವುದಿಲ್ಲ, ಕೆಲಸದ ನಡುವೆ ಅರೆಗಳಿಗೆ ತಡೆದಂತೆ ಕಾಣುತ್ತವೆ.

ಹೋದ ಬೇಸಿಗೆ ರಜೆಯಲ್ಲಿ ನನ್ನ ಮಗಳನ್ನೂ ಅವಳ ಅಜ್ಜನನ್ನೂ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಮಗಳು ಮೊದಲ ಅರ್ಧ ತಾಸು ಫೋಟೊ ತೆಗೆಯುತ್ತಾ ಓಡಾಡಿದಳು. ಅಜ್ಜ ಮಾತ್ರ ಕಮ್ಮಾರನ ಶಿಲ್ಪದ ಮುಂದೆ ನಿಂತವರು ಅಲ್ಲಿಂದ ಕದಲಲೇ ಇಲ್ಲ.

“ಇವಗ ರೊಕ್ಕಾ ಯಾರು ಕೊಡ್ತಿದ್ರು, ಅಜ್ಜಾ?”

“ರೊಕ್ಕಾ ಎಲ್ಲೀದವ್ವಾ? ಸುಗ್ಗಿಗೆ ಕಣದಾಗ ಜ್ವಾಳಾ ಕೊಡ್ತಿದ್ವಿ.”

ಅಂದು ಅವಳಿಗೆ ಆಯಗಾರರ ಕಥೆ ಸಿಕ್ಕಿತು. ಕಮ್ಮಾರ ವರ್ಷಪೂರ್ತಿ ಊರವರ ಕುಡಗೋಲು, ಕುಂಟೆಗಳನ್ನು ಹಣಿದು ಕೊಡುತ್ತಿದ್ದ. ಬಡಿಗ ನೇಗಿಲು, ಕೂರಿಗೆ ಮಾಡುತ್ತಿದ್ದ. ಕುಂಬಾರ ಗಡಿಗೆ, ಹರವಿ ಕೊಡುತ್ತಿದ್ದ. ಅವರು ಆಗಲೇ ಹಣ ಕೇಳುತ್ತಿರಲಿಲ್ಲ. ಬೆಳೆ ಬಂದು ರಾಶಿಯಾದ ಮೇಲೆ ಕಣಕ್ಕೆ ಹೋಗಿ ತಮ್ಮ ಪಾಲಿನ ಕಾಳು ತರುತ್ತಿದ್ದರು. ಆ ಪಾಲೇ ಆಯ. ಮಳೆ ಕೈಕೊಟ್ಟ ವರ್ಷ ರೈತನ ಮನೆಯ ಕಷ್ಟ ಕಮ್ಮಾರನ ಮನೆಗೂ ಬರುತ್ತಿತ್ತು. ಯಾವ ಮನೆಯಲ್ಲಿ ಹುಟ್ಟಿದರೋ ಆ ಕೆಲಸವನ್ನೇ ಮಾಡಬೇಕಾಗಿತ್ತು ಎಂಬ ಕಹಿಯೂ ಆ ವ್ಯವಸ್ಥೆಯಲ್ಲಿತ್ತು. ಅಜ್ಜ ಅದನ್ನೂ ಮುಚ್ಚಿಡಲಿಲ್ಲ.

ಆಮೇಲೆ ಅವಳ ಫೋನು ಚೀಲ ಸೇರಿತು, ಪ್ರಶ್ನೆಗಳು ಶುರುವಾದವು. ಜೋಳವನ್ನು ಎಲ್ಲಿ ಇಡುತ್ತಿದ್ದಿರಿ? ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ. ಎತ್ತಿಗೆ ಹೆಸರಿತ್ತೇ? ಇಲ್ಲದೆ ಏನು! ಅಜ್ಜ ಎರಡು ಜೋಡಿ ಎತ್ತುಗಳ ಹೆಸರು ಹೇಳಿದರು. ಅವು ಸತ್ತು ನಲವತ್ತು ವರ್ಷ ದಾಟಿದ್ದವು.

ಅಲ್ಲೇ ಹತ್ತಿರದಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. 2011ರಲ್ಲಿ ಜಾನಪದದ ಅಧ್ಯಯನಕ್ಕೆಂದೇ ಅದು ಹುಟ್ಟಿತು. ಓದುಬರಹ ಬಾರದ ಜನ ಬಾಯಿಂದ ಬಾಯಿಗೆ ಕಾಪಾಡಿದ ವಿದ್ಯೆಗೆ ನಾಡು ಸಲ್ಲಿಸಿದ ಗೌರವ ಅದು. ಹೀಗೆ ಒಂದೇ ಊರಿನಲ್ಲಿ ಶಿಲ್ಪಗಳ ಹಳ್ಳಿಯೂ ಹಳ್ಳಿಯ ಮಾತನ್ನು ಓದಿಸುವ ಶಾಲೆಯೂ ಇವೆ.

ಮಧ್ಯಾಹ್ನ ಸವಣೂರಿಗೆ ಹೋದೆವು. ಕವಿ ವಿ.ಕೃ. ಗೋಕಾಕರು 1909ರಲ್ಲಿ ಹುಟ್ಟಿದ ಊರು ಅದು. ಅಲ್ಲಿನ ಮಠದ ಆವರಣದಲ್ಲಿ ಆಫ್ರಿಕಾ ಮೂಲದ ಬಾವೊಬಾಬ್ ಮರಗಳಿವೆ. ಆನೆಯ ಮೈಯಂಥ ಆ ಬೊಡ್ಡೆಯನ್ನು ಒಬ್ಬರಿಂದ ತಬ್ಬಲಾಗದು. ದೂರದೇಶದ ಆ ಮರಕ್ಕೆ ನಮ್ಮ ಜನ ದೊಡ್ಡಹುಣಸೆ ಎಂದು ಹೆಸರಿಟ್ಟು ತಮ್ಮದಾಗಿಸಿಕೊಂಡಿದ್ದಾರೆ. ಸವಣೂರಿನ ಖಾರಾ ಕಟ್ಟಿಸಿಕೊಂಡು, ಎಲೆ ಅಡಿಕೆ ಹಾಕಿಕೊಂಡು ಅಜ್ಜ ಮರದ ನೆರಳಲ್ಲಿ ಕೂತರು. ಮಗಳು ಅಂದು ಕಲಿತ ಪದಗಳನ್ನು ಒಂದೊಂದಾಗಿ ಅವರಿಗೇ ಒಪ್ಪಿಸಿದಳು: ಕೂರಿಗೆ, ಕುಂಟೆ, ಹರವಿ, ಹಗೇವು, ಆಯ.

ಸೊಲಬಕ್ಕನವರ ಅವರು ಹಳ್ಳಿಯ ಆ ಬದುಕಿನ ಆಕಾರವನ್ನು ನಮಗಾಗಿ ಹಿಡಿದಿಟ್ಟು ಹೋಗಿದ್ದಾರೆ. ಅದರ ಹೆಸರು, ಸದ್ದು, ವಾಸನೆಗಳು ಇರುವುದು ನಿಮ್ಮ ಅಜ್ಜ ಅಜ್ಜಿಯರ ನೆನಪಿನಲ್ಲಿ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಗೊಟಗೋಡಿಗೆ ಹೋಗಿ, ಹಿರಿಯರನ್ನು ತಪ್ಪದೆ ಜೊತೆಗೆ ಕರೆದುಕೊಳ್ಳಿ. ಅವಸರ ಮಾಡಬೇಡಿ. ಪ್ರತಿ ಶಿಲ್ಪದ ಮುಂದೆ ನಿಂತು “ಇದೇನು ಅಜ್ಜಾ?” ಎಂದು ಕೇಳಿ. ಅವರು ಹೇಳಿದ ಒಂದೊಂದು ಪದವನ್ನೂ ಕನ್ನಡದಲ್ಲೇ ಬರೆದಿಟ್ಟುಕೊಂಡು ಬನ್ನಿ.