ಮನೆಯೊಳಗಿನ ಮೌನಕ್ಕೆ ನಾದ ಕೊಟ್ಟ ವಿಜಯಭಾಸ್ಕರ್

ಹೆಂಡತಿಗೆ ಕಿವಿ ಕೇಳದು, ಮಾತೂ ಬಾರದು. ಹುಟ್ಟಿದ ಮಗುವಿಗೂ ಕಿವಿ ಕೇಳದು. ಇಂಥ ಸಂಸಾರದ ಕಥೆಗೆ ಸಂಗೀತ ಹೇಗಿರಬೇಕು? 1964ರಲ್ಲಿ ತೆರೆಕಂಡ 'ನಾಂದಿ' ಚಿತ್ರಕ್ಕೆ ಸಂಗೀತ ನೀಡಲು ಕುಳಿತ ವಿಜಯಭಾಸ್ಕರ್ ಅವರ ಮುಂದಿದ್ದ ಪ್ರಶ್ನೆ ಇದು. ಅರಮನೆ, ಯುದ್ಧ, ಪವಾಡಗಳ ಚಿತ್ರಗಳಲ್ಲಿ ವಾದ್ಯವೃಂದಕ್ಕೆ ಕೆಲಸ ತಾನೇತಾನಾಗಿ ದೊರೆಯುತ್ತದೆ. ನಾಲ್ಕು ಗೋಡೆಗಳ ನಡುವಿನ ಸಂಸಾರದಲ್ಲಿ ಹಾಗಲ್ಲ. ಅಲ್ಲಿ ಒಂದು ನಿಟ್ಟುಸಿರು ಕೇಳಿಸಬೇಕಾದರೆ ಹತ್ತು ಪಿಟೀಲುಗಳು ಸುಮ್ಮನಿರಬೇಕಾಗುತ್ತದೆ.

ಸಾಂಸಾರಿಕ ಚಿತ್ರದ ಈ ಸೂಕ್ಷ್ಮವನ್ನು ಬಲ್ಲವರಾಗಿದ್ದ ವಿಜಯಭಾಸ್ಕರ್ (1924-2002) ಐದು ದಶಕಗಳಿಗೆ ಸಮೀಪದ ಅವಧಿಯಲ್ಲಿ ನೂರಾರು ಚಿತ್ರಗಳಿಗೆ ಸ್ವರ ಸಂಯೋಜಿಸಿದರು. ಕನ್ನಡವಲ್ಲದೆ ಮಲಯಾಳ, ತುಳು, ಕೊಂಕಣಿ ಮೊದಲಾದ ಭಾಷೆಗಳಲ್ಲೂ ದುಡಿದರು. 'ಬೆಳ್ಳಿಮೋಡ', 'ಗೆಜ್ಜೆಪೂಜೆ', 'ಶರಪಂಜರ'ದ ಹಾಡುಗಳನ್ನು ಇಂದಿಗೂ ಗುನುಗುವವರು ಅಸಂಖ್ಯ. ಆದರೆ ಆ ಹಾಡುಗಳ ನಡುನಡುವೆ, ಸಂಭಾಷಣೆಯ ಹಿಂದೆ, ಬಾಗಿಲ ಮರೆಯಲ್ಲಿ ನಿಂತ ಹೆಣ್ಣಿನ ಮುಖದ ಮೇಲೆ ಹರಿದು ಹೋಗುವ ನಾದವೂ ಅವರದೇ ಎಂಬುದು ಎಷ್ಟೋ ಜನರಿಗೆ ನೆನಪಿಗೆ ಬರುವುದಿಲ್ಲ.

ಸಂಗೀತ ಮನೆಮಾಡಿದ್ದ ಊರು

ವಿಜಯಭಾಸ್ಕರ್ ಬೆಂಗಳೂರಿನವರು. ಅವರು ಹುಟ್ಟಿದ ಕಾಲಕ್ಕೆ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳು ರೂಪುಗೊಂಡು ಇನ್ನೂ ಮೂರು ದಶಕಗಳಷ್ಟೇ ಆಗಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಹಳೆಯ ಪೇಟೆಯ ಹೊರಗೆ ತಲೆಯೆತ್ತಿದ ಈ ಬಡಾವಣೆಗಳು ಮಧ್ಯಮ ವರ್ಗದ ಕುಟುಂಬಗಳ ನೆಲೆಗಳಾದವು. 1905ರಲ್ಲಿ ಸ್ಥಾಪನೆಯಾದ ಬೆಂಗಳೂರು ಗಾಯನ ಸಮಾಜ ಶಾಸ್ತ್ರೀಯ ಸಂಗೀತಕ್ಕೆ ಊರಿನಲ್ಲಿ ಶ್ರೋತೃವರ್ಗವನ್ನು ಬೆಳೆಸಿತ್ತು. 1939ರಿಂದ ಚಾಮರಾಜಪೇಟೆಯಲ್ಲಿ ಶ್ರೀರಾಮನವಮಿಯ ಸಂಗೀತೋತ್ಸವ ಆರಂಭವಾಯಿತು. ಹರಿಕಥೆ, ದೇವರನಾಮ, ಹಸೆಗೆ ಕರೆಯುವ ಹಾಡು, ಜೋಗುಳಗಳು ಇಲ್ಲಿನ ಮನೆಗಳ ದಿನಚರಿಯೊಳಗೇ ಇದ್ದವು.

ಮುಂದೆ ಕನ್ನಡದ ಸಾಂಸಾರಿಕ ಚಿತ್ರಗಳಿಗೆ ನಿಷ್ಠಾವಂತ ಪ್ರೇಕ್ಷಕರಾದವರು ಇಂಥ ಮನೆಗಳ ಜನರೇ. ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ ಅವರ ಕಾದಂಬರಿಗಳನ್ನು ಓದಿ ಮುಗಿಸಿ, ಅದೇ ಕಥೆಯನ್ನು ತೆರೆಯ ಮೇಲೆ ಕಾಣಲು ಬಂದ ಹೆಣ್ಣುಮಕ್ಕಳಿಗೆ ಪಾತ್ರಗಳ ಒಳಗುದಿ ಮೊದಲೇ ಗೊತ್ತಿತ್ತು. ಅವರಿಗೆ ಒಪ್ಪಿಗೆಯಾಗುವ ಸಂಗೀತ ಕೊಡುವುದು ಸುಲಭದ ಮಾತಾಗಿರಲಿಲ್ಲ.

ವಿಜಯಭಾಸ್ಕರ್ ಅವರ ಚಿತ್ರಸಂಗೀತದ ಅಭ್ಯಾಸ ನಡೆದದ್ದು ಮುಂಬಯಿಯಲ್ಲಿ. ಹಿಂದಿ ಚಿತ್ರರಂಗದ ದಿಗ್ಗಜರಾದ ನೌಷಾದ್ ಮತ್ತು ಮದನ್ ಮೋಹನ್ ಅವರ ಬಳಿ ಸಹಾಯಕರಾಗಿ ದುಡಿದರು. ರಾಗದ ಚೌಕಟ್ಟನ್ನು ಬಿಡದೆ ದೊಡ್ಡ ವಾದ್ಯವೃಂದವನ್ನು ದುಡಿಸಿಕೊಳ್ಳುವುದರಲ್ಲಿ ನೌಷಾದ್ ಹೆಸರಾಗಿದ್ದರೆ, ಕಾವ್ಯದ ಒಂದೊಂದು ಪದಕ್ಕೂ ನೋವಿನ ಎಳೆ ಹೆಣೆಯುವುದರಲ್ಲಿ ಮದನ್ ಮೋಹನ್ ಎತ್ತಿದ ಕೈ. 1950ರ ದಶಕದ ಮಧ್ಯದಲ್ಲಿ ವಿಜಯಭಾಸ್ಕರ್ ಕನ್ನಡ ಚಿತ್ರರಂಗಕ್ಕೆ ಬಂದರು. 'ರಾಣಿ ಹೊನ್ನಮ್ಮ' (1960), 'ಸಂತ ತುಕಾರಾಂ' (1963) ಚಿತ್ರಗಳಿಂದ ಅವರ ಹೆಸರು ಮನೆಮಾತಾಯಿತು.

ಕೇಳದ ಕಿವಿಗೆ ಹಾಡು

'ನಾಂದಿ' ಎನ್. ಲಕ್ಷ್ಮೀನಾರಾಯಣ್ ಅವರ ನಿರ್ದೇಶನದ ಮೊದಲ ಕಥಾಚಿತ್ರ. ರಾಜ್‌ಕುಮಾರ್ ಇಲ್ಲಿ ಕಿರೀಟವಿಲ್ಲದ, ಕತ್ತಿಯಿಲ್ಲದ ಸಾಮಾನ್ಯ ಶಾಲಾ ಮೇಷ್ಟ್ರು. ಮೊದಲ ಪತ್ನಿ (ಕಲ್ಪನಾ) ಹೆರಿಗೆಯಲ್ಲಿ ತೀರಿಕೊಳ್ಳುತ್ತಾಳೆ. ಬಳಿಕ ಆತ ಕೈಹಿಡಿಯುವುದು ಕಿವಿ ಕೇಳದ, ಮಾತು ಬಾರದ ಹೆಣ್ಣನ್ನು (ಹರಿಣಿ). ಅವರ ಮಗುವಿಗೂ ಶ್ರವಣಶಕ್ತಿ ಇಲ್ಲವೆಂದು ತಿಳಿಯುತ್ತದೆ. ಆ ಕಾಲದ ಕನ್ನಡ ಚಿತ್ರಕ್ಕೆ ಇದು ಅಪರೂಪದ ವಸ್ತು. ಅಂತಾರಾಷ್ಟ್ರೀಯ ಚಿತ್ರೋತ್ಸವವೊಂದರಲ್ಲಿ ಪ್ರದರ್ಶನಗೊಂಡ ಮೊದಲ ಕನ್ನಡ ಚಿತ್ರವೆಂಬ ಕೀರ್ತಿಯೂ ಅದಕ್ಕಿದೆ.

ಮಗುವನ್ನು ಕುರಿತು ತಂದೆ ಹಾಡುವ ಹಾಡೊಂದು ಈ ಚಿತ್ರದಲ್ಲಿದೆ. ಆರ್.ಎನ್. ಜಯಗೋಪಾಲ್ ಅವರ ರಚನೆ, ಪಿ.ಬಿ. ಶ್ರೀನಿವಾಸ್ ಅವರ ಕಂಠ. ಸರಳವಾದ ಸ್ವರಗಳಲ್ಲಿ ಮೆಲ್ಲನೆ ಸಾಗುವ ಈ ಹಾಡು ಆರು ದಶಕಗಳ ಬಳಿಕವೂ ಕನ್ನಡದ ತಾಯಂದಿರ ಬಾಯಲ್ಲಿ ಉಳಿದಿದೆ. ಬರಿಯ ಹಾಡಾಗಿ ಕೇಳಿದವರಿಗೆ ಅದು ಸಿಹಿಯಾದ ಜೋಗುಳ. ಚಿತ್ರದ ಕಥೆ ಬಲ್ಲವರಿಗೆ ಅದೇ ಹಾಡು ಕರುಳು ಹಿಂಡುವ ಅನುಭವ. ಹಾಡನ್ನು ಕೇಳಬೇಕಾದ ಮನೆಯಲ್ಲೇ ಕೇಳುವ ಕಿವಿಗಳಿಲ್ಲ. ಪ್ರೇಕ್ಷಕನಿಗೆ ಮಾತ್ರ ಅದು ಕೇಳಿಸುತ್ತದೆ.

ಸಂಗೀತ ನಿರ್ದೇಶಕರು ಇಲ್ಲಿ ದುಃಖವನ್ನು ವಾದ್ಯಗಳಿಂದ ಹೇರಲು ಹೋಗಿಲ್ಲ. ಹಾಡು ಹಾಡಾಗಿಯೇ ನಿಲ್ಲುತ್ತದೆ, ನೋವು ಕಥೆಯಿಂದ ಬರುತ್ತದೆ. ಸಾಂಸಾರಿಕ ಚಿತ್ರಕ್ಕೆ ಸಂಗೀತ ನೀಡುವವರು ಕಲಿಯಬೇಕಾದ ಮೊದಲ ಪಾಠ ಬಹುಶಃ ಇದೇ ಇರಬೇಕು.

ರೀಲಿನಿಂದ ರೀಲಿಗೆ

ಅಂದಿನ ಕೆಲಸದ ರೀತಿ ಇಂದಿನವರಿಗೆ ಊಹಿಸಲೂ ಕಷ್ಟ. ಕನ್ನಡ ಚಿತ್ರಗಳ ಧ್ವನಿಮುದ್ರಣ ಬಹುಮಟ್ಟಿಗೆ ಮದ್ರಾಸಿನ ಸ್ಟುಡಿಯೋಗಳಲ್ಲಿ ನಡೆಯುತ್ತಿತ್ತು. ಹಾರ್ಮೋನಿಯಂ ಮುಂದಿಟ್ಟುಕೊಂಡು ಸಂಗೀತ ನಿರ್ದೇಶಕ, ಚಿತ್ರ ನಿರ್ದೇಶಕ, ಗೀತರಚನಕಾರ ಒಟ್ಟಿಗೆ ಕುಳಿತು ಸನ್ನಿವೇಶಕ್ಕೆ ತಕ್ಕ ಮಟ್ಟು ಹುಡುಕುತ್ತಿದ್ದರು. ಗಾಯಕರೂ ವಾದಕರೂ ಒಂದೇ ವೇಳೆಯಲ್ಲಿ ಹಾಡಿ ನುಡಿಸಬೇಕಾಗಿತ್ತು. ಒಬ್ಬ ವಾದಕ ತಪ್ಪಿದರೂ ಇಡೀ ಹಾಡನ್ನು ಮೊದಲಿನಿಂದ ಮುದ್ರಿಸಬೇಕಾದ ಸ್ಥಿತಿ.

ಹಿನ್ನೆಲೆ ಸಂಗೀತದ ಕೆಲಸ ಇದಕ್ಕಿಂತ ಕಠಿಣ. ಸಂಕಲನ ಮುಗಿದ ಮೇಲೆ ಚಿತ್ರವನ್ನು ರೀಲು ರೀಲಾಗಿ ರೀರೆಕಾರ್ಡಿಂಗ್ ಥಿಯೇಟರಿನ ತೆರೆಯ ಮೇಲೆ ಓಡಿಸಲಾಗುತ್ತಿತ್ತು. ಸಾವಿರ ಅಡಿಯ ಒಂದು ರೀಲು ಎಂದರೆ ಸುಮಾರು 11 ನಿಮಿಷ. ನಿಮಿಷಕ್ಕೆ 90 ಅಡಿಯ ಲೆಕ್ಕದಲ್ಲಿ ಯಾವ ನೋಟದಲ್ಲಿ ಕೊಳಲು ಆರಂಭವಾಗಬೇಕು, ಯಾವ ಮಾತಿಗೆ ಮುನ್ನ ವೀಣೆ ನಿಲ್ಲಬೇಕು ಎಂದು ಗುರುತು ಮಾಡಿಕೊಂಡು ಸ್ವರಲಿಪಿ ಬರೆಯಬೇಕು. ವಾದಕರು ಅದನ್ನು ನೋಡಿ, ತೆರೆಯ ಮೇಲಿನ ಚಿತ್ರದ ಓಟಕ್ಕೆ ಸರಿಯಾಗಿ ನುಡಿಸಬೇಕು. ಸಂಭಾಷಣೆ, ಪಾತ್ರೆಯ ಸದ್ದು, ಬಾಗಿಲಿನ ಸದ್ದುಗಳ ಜೊತೆ ಈ ಸಂಗೀತ ಕೊನೆಯಲ್ಲಿ ಒಂದೇ ಧ್ವನಿಪಥದಲ್ಲಿ ಸೇರಿಕೊಳ್ಳುತ್ತಿತ್ತು. ಹಣ ಕಡಿಮೆ, ಸ್ಟುಡಿಯೋ ಸಮಯ ಇನ್ನೂ ಕಡಿಮೆ. ಎಲ್ಲಿ ನುಡಿಸಬಾರದು ಎಂಬ ತೀರ್ಮಾನವನ್ನೂ ಅಲ್ಲೇ, ಆ ಗಳಿಗೆಯಲ್ಲೇ ಕೈಗೊಳ್ಳಬೇಕಾಗಿತ್ತು.

ಪುಟ್ಟಣ್ಣ, ಕಲ್ಪನಾ ಮತ್ತು ಕವಿತೆ

1967ರಲ್ಲಿ ಪುಟ್ಟಣ್ಣ ಕಣಗಾಲ್ 'ಬೆಳ್ಳಿಮೋಡ' ತೆಗೆದಾಗ ಈ ಕಲೆಗೆ ದೊಡ್ಡ ಅವಕಾಶ ಒದಗಿತು. ಕಥೆ ತ್ರಿವೇಣಿ ಅವರದು. 1963ರಲ್ಲೇ ಅಕಾಲ ಮರಣಕ್ಕೆ ತುತ್ತಾದ ಕಾದಂಬರಿಕಾರ್ತಿಗೆ ಚಿತ್ರ ನೋಡುವ ಭಾಗ್ಯ ಇರಲಿಲ್ಲ. ಶ್ರೀಮಂತ ತಂದೆಯ ಒಬ್ಬಳೇ ಮಗಳಾಗಿದ್ದ ಇಂದಿರೆಗೆ ತಮ್ಮ ಹುಟ್ಟುತ್ತಾನೆ. ಆಸ್ತಿ ಕೈತಪ್ಪಿತೆಂದು ಮದುವೆಯಾಗಬೇಕಿದ್ದ ಗಂಡು ಹಿಂದೆ ಸರಿಯುತ್ತಾನೆ. ಕೊನೆಗೆ ಅವನೇ ಮನಸ್ಸು ಬದಲಿಸಿ ಬಂದಾಗ ಒಲ್ಲೆನೆನ್ನುವವಳು ಅವಳು.

ಈ ಚಿತ್ರಕ್ಕೆ ದ.ರಾ. ಬೇಂದ್ರೆಯವರ 'ಬೆಳಗು' ಕವಿತೆಯನ್ನು ಬಳಸಿಕೊಳ್ಳಲಾಯಿತು. ಸಾಮಾನ್ಯವಾಗಿ ಚಿತ್ರಗೀತೆಯಲ್ಲಿ ಮಟ್ಟು ಮೊದಲು, ಮಾತು ಅನಂತರ. ಕವಿತೆಯನ್ನು ಎತ್ತಿಕೊಂಡರೆ ಕ್ರಮ ತಲೆಕೆಳಗಾಗುತ್ತದೆ. ಕವಿಯ ಛಂದಸ್ಸು, ಯತಿ, ಪ್ರಾಸಗಳಿಗೆ ಸಂಗೀತ ತಲೆಬಾಗಬೇಕು. ಅಲ್ಲದೆ ಓದುಗರ ಮನಸ್ಸಿನಲ್ಲಿ ಆ ಕವಿತೆಗೆ ಆಗಲೇ ಒಂದು ಲಯ ಕೂತಿರುತ್ತದೆ. ಎಸ್. ಜಾನಕಿ ಅವರ ಕಂಠದಲ್ಲಿ ಮೂಡಿಬಂದ ಹಾಡು ಈ ಪರೀಕ್ಷೆಯಲ್ಲಿ ಗೆದ್ದಿತು. ಚಿತ್ರ ಕಪ್ಪು-ಬಿಳುಪಿನದು. ಅರುಣೋದಯದ ಬಣ್ಣವನ್ನು ತೆರೆ ತೋರಿಸಲಾರದು. ಆ ಬಣ್ಣವನ್ನು ನಾದವೇ ತುಂಬಿಕೊಟ್ಟಿತು. ಶಾಲೆಯ ಪಠ್ಯದಲ್ಲಿದ್ದ ಬೇಂದ್ರೆ ಅಡುಗೆಮನೆಗೂ ಬಂದರು.

ಎಂ.ಕೆ. ಇಂದಿರಾ ಅವರ ಕಾದಂಬರಿ ಆಧರಿಸಿದ 'ಗೆಜ್ಜೆಪೂಜೆ' (1969) ಇನ್ನೊಂದು ಬಗೆಯ ಮನೆಯ ಕಥೆ. ಎಲ್ಲ ಹೆಣ್ಣುಮಕ್ಕಳಂತೆ ಮದುವೆಯಾಗಿ ಬಾಳಬೇಕೆಂದು ಹಂಬಲಿಸುವ ದೇವದಾಸಿ ಮನೆತನದ ಹುಡುಗಿಯ ಬದುಕು ಅಲ್ಲಿದೆ. ಅವಳ ಮನೆಯಲ್ಲಿ ಸಂಗೀತವೇ ಕುಲವೃತ್ತಿಯ ಕುರುಹು. ಅವಳಿಗೆ ಬೇಕಾದದ್ದು ಅದರಿಂದ ಬಿಡುಗಡೆ. ಹೀಗೆ ಸಂಗೀತವೇ ಬಂಧನವಾಗಿರುವ ಕಥೆಗೆ ಸಂಗೀತ ಕೊಡುವ ಸವಾಲು ವಿಜಯಭಾಸ್ಕರ್ ಅವರದಾಗಿತ್ತು. ಪಿ.ಬಿ. ಶ್ರೀನಿವಾಸ್ ಮತ್ತು ಎಸ್. ಜಾನಕಿ ಹಾಡಿದ ಅದರ ಗೀತೆಗಳು ಇಂದಿಗೂ ಜನಪ್ರಿಯ.

ಈ ಪಯಣದ ಶಿಖರ 'ಶರಪಂಜರ' (1971). ಮತ್ತೆ ತ್ರಿವೇಣಿ ಅವರ ಕಾದಂಬರಿ, ಮತ್ತೆ ಕಲ್ಪನಾ. ಬಾಣಂತನದ ಬಳಿಕ ಮನೋರೋಗಕ್ಕೆ ತುತ್ತಾದ ಕಾವೇರಿ ಆಸ್ಪತ್ರೆಯಲ್ಲಿ ಗುಣಮುಖಳಾಗಿ ಮನೆಗೆ ಮರಳುತ್ತಾಳೆ. ಕಾಯಿಲೆ ವಾಸಿಯಾದರೂ ಮನೆಯವರ, ನೆರೆಹೊರೆಯವರ ಸಂಶಯ ವಾಸಿಯಾಗುವುದಿಲ್ಲ. ಆ ನೋಟಗಳೇ ಬಾಣಗಳಾಗಿ ಅವಳನ್ನು ಮತ್ತೆ ಹುಚ್ಚಿಗೆ ನೂಕುತ್ತವೆ. ದಾಂಪತ್ಯದ ಸುಖದ ದಿನಗಳಿಗೆ ಬೇಂದ್ರೆಯವರ ಇನ್ನೊಂದು ಕವಿತೆ ಇದೆ. ವನವಾಸ ಮುಗಿಸಿ ಬಂದ ಸೀತೆಯನ್ನು ಕುರಿತ, ಪಿ. ಸುಶೀಲಾ ಹಾಡಿದ ಗೀತೆಯೂ ಇದೆ. ಮೇಲುನೋಟಕ್ಕೆ ಅದು ಹೆಂಗಸರು ಕೂಡಿದಲ್ಲಿ ಹಾಡುವ ಸಾಂಪ್ರದಾಯಿಕ ಹಾಡಿನ ಧಾಟಿಯದು. ಆದರೆ ಆಸ್ಪತ್ರೆಯಿಂದ ಮನೆಗೆ ಬಂದವಳ ಸ್ಥಿತಿಯನ್ನು ಬಲ್ಲ ಪ್ರೇಕ್ಷಕರಿಗೆ ಸೀತೆಯ ಕಥೆ ಯಾರ ಕಥೆಯೆಂದು ಬಿಡಿಸಿ ಹೇಳಬೇಕಾಗಿಲ್ಲ. ಬಸವನಗುಡಿ, ಮಲ್ಲೇಶ್ವರಗಳ ನಡುಮನೆಗಳಲ್ಲಿ ಅಂದು ಪಿಸುಮಾತಿನಲ್ಲಷ್ಟೇ ಆಡಬಹುದಾಗಿದ್ದ ವಿಷಯ ಹೀಗೆ ಹಾಡಾಗಿ ಹೊರಬಂತು.

ಪುಟ್ಟಣ್ಣನವರ ಎಲ್ಲ ಚಿತ್ರಗಳಿಗೂ ವಿಜಯಭಾಸ್ಕರ್ ಸಂಗೀತ ನೀಡಿದರೆಂದಲ್ಲ. 'ಸಾಕ್ಷಾತ್ಕಾರ', 'ಎಡಕಲ್ಲು ಗುಡ್ಡದ ಮೇಲೆ', 'ರಂಗನಾಯಕಿ' ಚಿತ್ರಗಳ ಕೀರ್ತಿ ಎಂ. ರಂಗರಾವ್ ಅವರಿಗೆ ಸಲ್ಲಬೇಕು. ಆದರೆ 'ನಾಗರಹಾವು' (1972), 'ಉಪಾಸನೆ' (1974), 'ಶುಭಮಂಗಳ' (1975), 'ಮಾನಸ ಸರೋವರ' (1982) ಚಿತ್ರಗಳವರೆಗೂ ಈ ಜೋಡಿಯ ನಂಟು ಮುಂದುವರಿಯಿತು. 'ಮಾನಸ ಸರೋವರ'ದಲ್ಲಿ ಜಿ.ಎಸ್. ಶಿವರುದ್ರಪ್ಪನವರ ಕವಿತೆಗಳು ಹಾಡಾದವು. 1967ರಲ್ಲಿ ಬೇಂದ್ರೆಯವರಿಂದ ಶುರುವಾದ ಹಾದಿ ಹದಿನೈದು ವರ್ಷಗಳ ಬಳಿಕವೂ ಮುಚ್ಚಿರಲಿಲ್ಲ. 1985ರಲ್ಲಿ ಪುಟ್ಟಣ್ಣ ತೀರಿಕೊಂಡರು.

ಗೋಡೆಯಾಚೆಯ ದನಿ

ಅಷ್ಟರಲ್ಲಿ ಕನ್ನಡ ಚಿತ್ರಸಂಗೀತದ ರುಚಿಯೂ ಬದಲಾಗಿತ್ತು. ವಿಜಯಭಾಸ್ಕರ್ ಅವರ ಮೌನದ ಕಲೆಯನ್ನು ಗುರುತಿಸಿ ಕರೆದವರು ನೆರೆಯ ಕೇರಳದ ಅಡೂರ್ ಗೋಪಾಲಕೃಷ್ಣನ್. ವೈಕಂ ಮಹಮ್ಮದ್ ಬಷೀರ್ ಅವರ ಕಥೆಯನ್ನಾಧರಿಸಿದ 'ಮದಿಲುಗಳ್' (1990) ಸೆರೆಮನೆಯ ಚಿತ್ರ. ನಾಯಕ ಪ್ರೀತಿಸುವ ಹೆಣ್ಣು ಗೋಡೆಯಾಚೆ ಇದ್ದಾಳೆ. ಅವಳು ತೆರೆಯ ಮೇಲೆ ಕಾಣಿಸುವುದೇ ಇಲ್ಲ, ದನಿ ಮಾತ್ರ ಕೇಳಿಸುತ್ತದೆ. 'ನಾಂದಿ'ಯಲ್ಲಿ ಕಾಣಿಸುವ, ಆದರೆ ಕೇಳಿಸಿಕೊಳ್ಳಲಾಗದ ಹೆಣ್ಣಿಗಾಗಿ ದುಡಿದ ಕಲಾವಿದರ ಪಾಲಿಗೆ ಕಾಲು ಶತಮಾನದ ಬಳಿಕ ಕೇಳಿಸುವ, ಆದರೆ ಕಾಣಿಸದ ಹೆಣ್ಣು ಬಂದಿದ್ದಳು.

ಬಳಿಕ 'ವಿಧೇಯನ್' (1994), 'ಕಥಾಪುರುಷನ್' (1995) ಚಿತ್ರಗಳಿಗೂ ಅವರೇ ಸಂಗೀತ ನೀಡಿದರು. ಪೌಲ್ ಸಕಾರಿಯಾ ಅವರ ಕಿರುಕಾದಂಬರಿ ಆಧರಿಸಿದ 'ವಿಧೇಯನ್' ದಕ್ಷಿಣ ಕನ್ನಡದ ನೆಲದಲ್ಲಿ ನಡೆಯುವ ಕ್ರೂರ ಪಟೇಲನೊಬ್ಬನ ಕಥೆ. ಇವು ಹಾಡಿನ ಚಿತ್ರಗಳಲ್ಲ. ನೂರಾರು ಹಾಡುಗಳ ಸರದಾರ ಹಾಡೇ ಬೇಡದ ಚಿತ್ರಗಳಲ್ಲೂ ಸಲ್ಲಬಲ್ಲರೆಂಬುದು ಹೀಗೆ ಸಾಬೀತಾಯಿತು.

ಉಳಿದದ್ದು ಮತ್ತು ಉಳಿಯಬೇಕಾದದ್ದು

ವಿಜಯಭಾಸ್ಕರ್ 2002ರಲ್ಲಿ ನಿಧನರಾದರು. ಅವರ ಹಾಡುಗಳಿಗೆ ಅಳಿವಿನ ಭಯವಿಲ್ಲ. ಮೂರು ನಾಲ್ಕು ನಿಮಿಷದ ಹಾಡು ಗ್ರಾಮಫೋನ್ ತಟ್ಟೆಯಿಂದ ಆಕಾಶವಾಣಿಗೆ, ಅಲ್ಲಿಂದ ಕ್ಯಾಸೆಟ್ಟಿಗೆ, ಈಗ ಮೊಬೈಲಿಗೆ ಸಾಗಿ ಬಂದಿದೆ. ಹಿನ್ನೆಲೆ ಸಂಗೀತದ ಹಣೆಬರಹ ಬೇರೆ. ಅದನ್ನು ಯಾರೂ ತಟ್ಟೆಯಲ್ಲಿ ಅಚ್ಚು ಹಾಕಿಸಿ ಮಾರಲಿಲ್ಲ. ಅದು ಇರುವುದು ಚಿತ್ರದ ಪ್ರಿಂಟಿನ ಅಂಚಿನ ಧ್ವನಿಪಥದಲ್ಲಿ ಮಾತ್ರ. ಪ್ರಿಂಟು ಹಾಳಾದರೆ ಅದರೊಂದಿಗೆ ಆ ನಾದವೂ ಹೋಯಿತು. ಆ ತಲೆಮಾರಿನ ಎಷ್ಟೋ ಕನ್ನಡ ಚಿತ್ರಗಳ ನೆಗೆಟಿವ್‌ಗಳು ಈಗಾಗಲೇ ನಾಶವಾಗಿವೆ. ಉಳಿದವುಗಳಲ್ಲೂ ಹಲವು ಕಿರುತೆರೆಯ ಪ್ರಸಾರಕ್ಕಾಗಿ ಕತ್ತರಿ ಕಂಡ ಪ್ರತಿಗಳು. ಹಾಗೆ ಕತ್ತರಿಸುವಾಗ ಮೊದಲು ಹೋಗುವುದು ಮಾತಿಲ್ಲದ ದೃಶ್ಯಗಳು. ಸಂಗೀತ ನಿರ್ದೇಶಕ ಅತಿ ಹೆಚ್ಚು ಶ್ರಮಿಸಿದ ಜಾಗಗಳು.

ಹಾಡನ್ನು ಮಾತ್ರ ಕಾಪಾಡಿಕೊಂಡರೆ ವಿಜಯಭಾಸ್ಕರ್ ಅವರ ಅರ್ಧ ಬಾಳನ್ನಷ್ಟೇ ಕಾಪಾಡಿದಂತೆ. ಮುಂದೊಮ್ಮೆ 'ಶರಪಂಜರ' ನೋಡುವ ಅವಕಾಶ ಸಿಕ್ಕರೆ, ಹಾಡು ಮುಗಿದ ಮೇಲೂ ಕಿವಿ ತೆರೆದಿಡಬೇಕು. ಕಾವೇರಿ ಮನೆಯೊಳಗೆ ಒಂಟಿಯಾಗಿ ನಡೆಯುವಾಗ ಕೇಳಿಸುವುದೂ ಕೇಳಿಸದೆ ನಿಲ್ಲುವುದೂ ಎರಡೂ ಅವರ ಕೈಯ ಕೆಲಸವೇ.