ಉಣ್ಣೆಯ ಬೆನ್ನು ಹತ್ತಿದ ರಿಕೆಟ್ಸ್

ಮಕ್ಕಳೇ, ದನದ ಕಿವಿಯಲ್ಲೋ ನಾಯಿಯ ಕತ್ತಿನಲ್ಲೋ ಅಂಟಿಕೊಂಡು ರಕ್ತ ಹೀರುವ ಉಣ್ಣೆಯನ್ನು ನೀವು ನೋಡಿರುತ್ತೀರಿ. ಕೆಲವು ಊರುಗಳಲ್ಲಿ ಇದನ್ನು ಉಣುಗು ಎನ್ನುತ್ತಾರೆ. ಬೆಳೆದ ಉಣ್ಣೆಗೆ ಎಂಟು ಕಾಲುಗಳು. ಹಾಗಾಗಿ ಇದು ಜೇಡದ ಬಂಧು. ಇಷ್ಟು ಸಣ್ಣ ಜೀವಿ ಮನುಷ್ಯನ ಪ್ರಾಣಕ್ಕೇ ಕುತ್ತು ತರಬಲ್ಲದೇ? ಇದನ್ನು ಪ್ರಯೋಗ ಮಾಡಿ ತೋರಿಸಿದ ವಿಜ್ಞಾನಿಗಳಲ್ಲಿ ಒಬ್ಬರು ಹೋವರ್ಡ್ ಟೇಲರ್ ರಿಕೆಟ್ಸ್.

ರಿಕೆಟ್ಸ್ 1871ರಲ್ಲಿ ಅಮೆರಿಕದ ಒಹಾಯೊ ರಾಜ್ಯದಲ್ಲಿ ಜನಿಸಿದರು. ವೈದ್ಯರಾಗಿ, ಮುಂದೆ ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು. ಆಗ ಮೊಂಟಾನಾ ರಾಜ್ಯದ ಬಿಟರ್‌ರೂಟ್ ಕಣಿವೆಯಲ್ಲಿ ವಸಂತ ಬಂತೆಂದರೆ ಜನ ಹೆದರುತ್ತಿದ್ದರು. ವಿಪರೀತ ಜ್ವರ, ಮೈತುಂಬ ಕೆಂಪು ಚುಕ್ಕೆ. ಕಾಯಿಲೆ ಬಿದ್ದವರಲ್ಲಿ ಹೆಚ್ಚಿನವರು ಉಳಿಯುತ್ತಿರಲಿಲ್ಲ. ಇದೇ ರಾಕಿ ಪರ್ವತದ ಚುಕ್ಕೆಜ್ವರ. ಹಿಮ ಕರಗಿದ ನೀರು ಕುಡಿದರೆ ಈ ಜ್ವರ ಬರುತ್ತದೆಂದು ಕೆಲವರು ನಂಬಿದ್ದರು. ಉಣ್ಣೆಯ ಮೇಲೂ ಅನುಮಾನವಿತ್ತು. ಆದರೆ ಅನುಮಾನವಿದ್ದರೆ ಸಾಕೇ? ಪುರಾವೆ ಬೇಕಲ್ಲವೇ?

1906ರಲ್ಲಿ ರಿಕೆಟ್ಸ್ ಅಲ್ಲಿಗೆ ಹೋದರು. ರೋಗಿಯ ರಕ್ತವನ್ನು ಗಿನಿಪಿಗ್‌ಗೆ ಚುಚ್ಚಿದರು. ಅದಕ್ಕೂ ಜ್ವರ ಬಂತು. ಆ ಗಿನಿಪಿಗ್‌ನ ರಕ್ತ ಹೀರಿದ ಉಣ್ಣೆಯನ್ನು ಆರೋಗ್ಯವಂತ ಗಿನಿಪಿಗ್‌ನ ಮೇಲೆ ಬಿಟ್ಟರು. ಅದೂ ಕಾಯಿಲೆ ಬಿತ್ತು! ತಾಯಿ ಉಣ್ಣೆಯಿಂದ ಮೊಟ್ಟೆಗೂ ರೋಗಾಣು ದಾಟುತ್ತದೆಂದು ಮುಂದೆ ಕಂಡುಕೊಂಡರು.

ಈ ರೋಗಾಣು ಸಣ್ಣ ರಕ್ತನಾಳಗಳನ್ನು ಕೆಡಿಸುತ್ತದೆ ಎಂದು ಇಂದು ನಮಗೆ ತಿಳಿದಿದೆ. ಮಿದುಳಿನ ರಕ್ತನಾಳಗಳಿಗೆ ಹಾನಿಯಾದರೆ ರೋಗಿಗೆ ಎಚ್ಚರ ತಪ್ಪಬಹುದು. ಬದುಕುಳಿದ ಕೆಲವರಿಗೆ ಕಿವುಡುತನ, ಪಾರ್ಶ್ವವಾಯು ಉಳಿದುಬಿಡುತ್ತದೆ. ಬೇಗನೆ ಔಷಧಿ ಕೊಟ್ಟರೆ ಇಂದು ಈ ಜ್ವರ ಗುಣವಾಗುತ್ತದೆ. ರಿಕೆಟ್ಸ್ ಕಾಲದಲ್ಲಿ ಆ ಔಷಧಿ ಇರಲಿಲ್ಲ.

1909ರ ಕೊನೆಯಲ್ಲಿ ಅವರು ಟೈಫಸ್ ಎಂಬ ಇನ್ನೊಂದು ಜ್ವರದ ಅಧ್ಯಯನಕ್ಕೆ ಮೆಕ್ಸಿಕೊ ನಗರಕ್ಕೆ ಹೋದರು. ಅದನ್ನು ಹರಡುವುದು ಹೇನು. ಅಲ್ಲಿ ಅದೇ ಜ್ವರ ಅವರಿಗೂ ತಗುಲಿತು. 1910ರ ಮೇ 3ರಂದು ತೀರಿಕೊಂಡಾಗ ಅವರಿಗೆ ಕೇವಲ 39 ವರ್ಷ. ಅವರ ನೆನಪಿಗಾಗಿ ಈ ಗುಂಪಿನ ಬ್ಯಾಕ್ಟೀರಿಯಗಳನ್ನು ರಿಕೆಟ್ಸಿಯಾ ಎಂದು ಕರೆಯಲಾಗಿದೆ.

ಉಣ್ಣೆಯಿಂದ ಹರಡುವ ಕಾಯಿಲೆ ನಮ್ಮ ರಾಜ್ಯದಲ್ಲೂ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನರಿಗೂ ಜ್ವರ ಬಂತು. ಅದೇ ಮಂಗನ ಕಾಯಿಲೆ. ಇದಕ್ಕೆ ಕಾರಣ ಒಂದು ವೈರಸ್. ಕೆಲವರಿಗೆ ಜ್ವರ ಬಿಟ್ಟು, ಒಂದೆರಡು ವಾರದಲ್ಲಿ ಮತ್ತೆ ಬಂದು, ತಲೆನೋವು, ನಡುಕ, ಬುದ್ಧಿಗೆ ಮಂಕು ಕಾಣಿಸಿಕೊಳ್ಳುತ್ತದೆ.

ಆದ್ದರಿಂದ ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ಧರಿಸಿ. ಬಂದ ಮೇಲೆ ಕಿವಿಯ ಹಿಂದೆ, ಕಂಕುಳಲ್ಲಿ, ಮಂಡಿಯ ಹಿಂದೆ ಉಣ್ಣೆ ಇದೆಯೇ ಎಂದು ನೋಡಿಕೊಳ್ಳಿ. ಕಂಡರೆ ಬೆರಳಿನಿಂದ ಹಿಸುಕಬೇಡಿ. ಚಿಮಟದಿಂದ ತೆಗೆಯಲು ಹಿರಿಯರಿಗೆ ಹೇಳಿ. ಆಮೇಲೆ ಜ್ವರ ಬಂದರೆ, ಉಣ್ಣೆ ಕಚ್ಚಿದ್ದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಆ ಒಂದು ಮಾತಿನಿಂದ ವೈದ್ಯರು ಕಾಯಿಲೆಯನ್ನು ಬೇಗ ಗುರುತಿಸಬಹುದು.